ಸಕ್ಕರೆ ಕೆಳಗೆ, ಟೀಪುಡಿ ಮೇಲೆ

ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದು ಚೀಟಿಗೆ,

ಎಂಟು ವರ್ಷದವಳಿದ್ದಾಗ ಉಪ್ಪಿನ ಡಬ್ಬಿಗೆ ‘ಉಪ್ಪು’ ಎಂದೂ, ಗಡಿಯಾರಕ್ಕೆ ‘ಗಡಿಯಾರ’ ಎಂದೂ, ಬೋರಲು ಮಲಗಿದ್ದ ಅಪ್ಪನ ಬೆನ್ನಿಗೆ ‘ಅಪ್ಪ’ ಎಂದೂ ಚೀಟಿ ಅಂಟಿಸಿ ನೀನು ಈ ಹೆಸರು ಗಳಿಸಿದೆ. ಈಗ ಆಸ್ಪತ್ರೆಯ ಉಗ್ರಾಣಕ್ಕೇ ಮೇಲ್ವಿಚಾರಕಿಯಾಗಿದ್ದೀಯ, ಅಲ್ಲಿಯವರು ಮೇಡಂ ಎಂದು ಕರೆಯುತ್ತಾರೆ. ಕರೆಯಲಿ. ನನಗೆ ಮಾತ್ರ ನೀನು ಚೀಟಿಯೇ.

ನಿನ್ನ ಕಾಗದ ತಲುಪಿತು. ನೀನು ಬಂದು ಹೋಗಿ ಇವತ್ತಿಗೆ ಹದಿನೇಳು ದಿನ. ನೀನು ಮಾಡಿಟ್ಟು ಹೋದ ವ್ಯವಸ್ಥೆ ಹೇಗೆ ನಡೆಯುತ್ತಿದೆ, ಸುಳ್ಳು ಹೇಳದೆ ಬರಿ ಎಂದು ಕೇಳಿದ್ದೀಯ. ಸುಳ್ಳು ಹೇಳದೆ ಬರೆಯಬೇಕಾದರೆ ಕಾಗದ ಉದ್ದವಾಗುತ್ತದೆ. ಊಟ ಮುಗಿಸಿಕೊಂಡು ಓದು.

ಮೊದಲು ಹೊಗಳಿಬಿಡುತ್ತೇನೆ. ಅಡುಗೆಮನೆಯ ಕಪಾಟು ತೆರೆದರೆ ಈಗ ನನ್ನ ಮೇಲೆ ಏನೂ ಬೀಳುವುದಿಲ್ಲ. ಮೊದಲು ಒಂದು ಕೈಯಲ್ಲಿ ಬಾಗಿಲು ಎಳೆಯುತ್ತಾ ಇನ್ನೊಂದು ಕೈ ತಲೆಗೆ ಅಡ್ಡ ಹಿಡಿದುಕೊಳ್ಳಬೇಕಿತ್ತು. ನೆಲಕ್ಕೊಂದು, ಗಾಜಿಗೊಂದು, ಬಚ್ಚಲಿಗೊಂದು, ಸಿಂಕಿಗೊಂದು ಎಂದು ನಾನು ಸಾಲಾಗಿ ನಿಲ್ಲಿಸಿದ್ದ ಏಳು ಬಾಟಲಿಗಳ ಜಾಗದಲ್ಲಿ ನೀನು ಕಲಸಿಕೊಟ್ಟ ಸೋಪಿನ ನೀರು ಒಂದೇ ಇದೆ. ಏಳರಲ್ಲಿ ಹೋಗದಿದ್ದ ಕೊಳೆ ಒಂದರಲ್ಲಿ ಹೋಗುತ್ತಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಒಪ್ಪಿಕೊಂಡಿದ್ದೇನೆ. ಹಳೆಯ ಹಾಸಿಗೆ ಬಟ್ಟೆ ಹರಿದು ನೀನು ಮಾಡಿಕೊಟ್ಟ ಒರಸು ಬಟ್ಟೆಗಳು ಬಂದ ಮೇಲೆ ಒರೆಸಿ ಬಿಸಾಡುವ ಕಾಗದದ ಸುರುಳಿ ಕೊಂಡಿಲ್ಲ. ಕಸದ ಬುಟ್ಟಿ ವಾರಕ್ಕೊಮ್ಮೆ ಕೆಳಗಿಳಿದರೆ ಸಾಕು. ಅಂಗಡಿಗೆ ಪಟ್ಟಿ ಹಿಡಿದು ಹೋದರೆ ಇಪ್ಪತ್ತು ನಿಮಿಷದ ಕೆಲಸ. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕ ಕಂಡರೆ ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತೇನೆ. ಅಂಗಡಿಯವರು ಮೊನ್ನೆ, ಹುಷಾರಾಗಿದ್ದೀರಾ ಎಂದು ವಿಚಾರಿಸಿಕೊಂಡರು.

ಮೊಣಕೈ ಹೇಗಿದೆ ಎಂದೂ ಕೇಳಿದ್ದೀಯ. ಗಾಯ ಒಣಗಿದೆ. ಕಪಾಟಿನ ಬಾಗಿಲು ತಗುಲಿದ್ದು ಎಂದು ಆಗಲೇ ಹೇಳಿದ್ದೆನಲ್ಲ, ಅದನ್ನೇ ಎಷ್ಟು ಸಲ ಕೇಳುತ್ತೀಯ.

ಇನ್ನು ನಿನ್ನ ಮೇಲೊಂದು ದೂರು. ನೀನು ಹೊರಡುವ ದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ, ಕಪಾಟಿನಲ್ಲಿ ಸಿಕ್ಕಿದ್ದ ಒಂಬತ್ತು ಪ್ಯಾಕೆಟ್ ಬಟ್ಟೆ ಒಗೆಯುವ ಪುಡಿಯಲ್ಲಿ ಐದನ್ನು ಎತ್ತಿಕೊಂಡು ಹೋಗಿ ಕೆಳಗಿನ ಮನೆಯ ಟೈಲರಮ್ಮನಿಗೆ ಕೊಟ್ಟು ಬಂದೆಯಲ್ಲ. ‘ತಗೊಳ್ಳಿ ಟೈಲರಮ್ಮ, ಅಕ್ಕನ ಮನೇಲಿ ಒಂಬತ್ತಿತ್ತು, ಒಬ್ಬಳಿಗೆ ಯಾಕೆ ಅಷ್ಟು’ ಅಂದೆಯಂತೆ. ಬಿಸಾಡಬಾರದು, ಬೇಕಾದವರಿಗೆ ಕೊಡಬೇಕು ಎಂಬುದು ನಿನ್ನ ನಿಯಮ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ. ಆದರೆ ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಐದೂ ಪ್ಯಾಕೆಟ್ ಹೊಸ್ತಿಲಲ್ಲಿ ಕೂತಿದ್ದವು. ಚೂರು ಬಟ್ಟೆಗಳನ್ನು ಜೋಡಿಸಿ ಹೊಲಿದ ಕೈಚೀಲದಲ್ಲಿ ತುಂಬಿ, ಬಾಯಿಗೆ ಗಂಟು ಹಾಕಿದ್ದರು. ಅಷ್ಟು ಸಿಟ್ಟಿನಲ್ಲೂ ಹೊಲಿಗೆ ಎಲ್ಲೂ ಸೊಟ್ಟಗಾಗಿರಲಿಲ್ಲ.

ಯಾಕೆ ವಾಪಸು ಬಂತು ಎಂದು ನಿನಗೆ ಅರ್ಥವಾಗಬೇಕಾದರೆ ನಾನೊಂದು ಗುಟ್ಟು ಬಿಡಬೇಕು. ಇಲ್ಲಿದ್ದ ಎಂಟು ದಿನದಲ್ಲಿ ನೀನು ಹತ್ತು ಸಲ ಕೇಳಿದೆ, ‘ಅಕ್ಕಾ, ಮನೇಲಿ ಇಷ್ಟೊಂದಿದ್ರೂ ಮತ್ತೆ ಮತ್ತೆ ಯಾಕೆ ತರ್ತೀಯ?’ ಅಂತ. ಮರೆತುಹೋಗುತ್ತೆ ಅಂದೆ ನಾನು. ಆಗ ನೀನು ನನ್ನ ಮುಖವನ್ನು ಒಂದು ಥರ ನೋಡಿದೆ. ಆಮೇಲೆ ಫೋನಿನಲ್ಲಿ ಗಂಡನ ಹತ್ತಿರ ಮೆಲ್ಲಗೆ ಮಾತಾಡಿದ್ದೂ ನನಗೆ ಕೇಳಿಸಿತು. ನನ್ನ ನೆನಪಿಗೆ ಏನೂ ಆಗಿಲ್ಲ ಕಣೇ. ನಾನು ಪುಸ್ತಕಗಳ ಪ್ರೂಫ್ ತಿದ್ದುವವಳು. ಹನ್ನೆರಡನೇ ಪುಟದಲ್ಲಿ ಕುಂಟುತ್ತಿದ್ದವನು ಮುನ್ನೂರನೇ ಪುಟದಲ್ಲಿ ಓಡಿದರೆ ಹಿಡಿದು ನಿಲ್ಲಿಸುವುದೇ ನನ್ನ ಕೆಲಸ.

ನಿಜ ಸಂಗತಿ ಏನೆಂದರೆ, ಟೈಲರಮ್ಮ ಕೆಲಸವಿಲ್ಲದೆ ಯಾರ ಮನೆಗೂ ಹೋಗುವವರಲ್ಲ, ಯಾರಾದರೂ ಸುಮ್ಮನೆ ಬಂದು ಕೂತರೆ ಅವರಿಗೆ ಹಿಡಿಸುವುದೂ ಇಲ್ಲ. ಹನ್ನೊಂದು ವರ್ಷದ ಹಿಂದೆ, ಅವರು ಕೆಳಗಿನ ಮನೆಗೆ ಬಂದ ಹೊಸತರಲ್ಲಿ, ಮಾತಾಡಿಸಿಕೊಂಡು ಬರೋಣವೆಂದು ಇಳಿದು ಹೋಗಿದ್ದೆ. ಬಾಗಿಲು ತೆಗೆದು ‘ಏನು ಬೇಕಿತ್ತು?’ ಅಂದರು. ನಿಂತ ನಿಲುವಿನಲ್ಲಿ ಏನಾದರೂ ಹೇಳಬೇಕಿತ್ತು. ಒಂದು ಲೋಟ ಸಕ್ಕರೆ ಅಂದುಬಿಟ್ಟೆ. ಸಕ್ಕರೆ ಅಳೆದು ಕೊಡುತ್ತಾ ಅವರು ನಲ್ಲಿಯಲ್ಲಿ ನೀರು ಬರುವ ಹೊತ್ತು ಕೇಳಿದರು, ಹಳೆಯ ಮನೆಯ ಕಿಟಕಿ ಇದಕ್ಕಿಂತ ದೊಡ್ಡದಿತ್ತು ಅಂದರು, ಶಾಲೆಯ ಯೂನಿಫಾರ್ಮುಗಳಿಗೆ ಜೇಬು ಹೊಲಿದು ಹೊಲಿದು ಕನಸಿನಲ್ಲೂ ಜೇಬು ಕಾಣುತ್ತದೆ ಅಂದರು. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. ಅಲ್ಲಿಂದ ಶುರುವಾಯಿತು.

ಕೇಳಿ ತಂದದ್ದನ್ನು ಹಿಂದಕ್ಕೆ ಕೊಡಬೇಕಲ್ಲ. ಮನೆಯಲ್ಲಿ ಸಕ್ಕರೆ ಇಲ್ಲ ಎಂದು ಹೇಳಿದ್ದರಿಂದ, ಅವರ ಕಣ್ಣೆದುರಿಗೇ ಅಂಗಡಿಯಿಂದ ಹೊಸ ಪ್ಯಾಕೆಟ್ ತರಬೇಕಿತ್ತು. ಒಂದು ಲೋಟ ಅವರಿಗೆ, ಉಳಿದದ್ದು ಕಪಾಟಿಗೆ. ಮುಂದಿನ ವಾರ ಪುಡಿ, ಅದರ ಮುಂದಿನ ವಾರ ಬೆಂಕಿಪೊಟ್ಟಣ. ನೀನು ಮೂಗು ಮುಚ್ಚಿಕೊಂಡು ತಾರೀಕು ನೋಡಿ ನೋಡಿ ಹೊರಗೆ ಹಾಕಿದೆಯಲ್ಲ, ಆ ಸಾಮಾನೆಲ್ಲ ಕೂಡಿಬಿದ್ದದ್ದು ಹೀಗೆ. ದಿನವಿಡೀ ಒಬ್ಬಳೇ ಕೂತು ಇನ್ಯಾರೋ ಬರೆದ ಮಾತುಗಳನ್ನು ಓದುವವಳಿಗೆ, ಎದುರು ಕೂತು ಮಾತಾಡುವ ಜೀವ ಈ ಊರಿನಲ್ಲಿ ಅದೊಂದೇ ಇತ್ತು. ಅವರೂ ಆಗಾಗ ಮೇಲೆ ಬರುತ್ತಿದ್ದರು. ಉಪ್ಪು ಕೇಳುತ್ತಿದ್ದರು, ಬಿಲ್ಲು ಬರೆಯಲು ಪೆನ್ನು ಕೇಳುತ್ತಿದ್ದರು. ಒಂದೆರಡು ಮಾತಿನವರೆಗೆ ಬಾಗಿಲಲ್ಲೇ ನಿಂತಿದ್ದು, ಮೂರನೆಯ ಮಾತಿಗೆ ಕುರ್ಚಿ ಎಳೆದುಕೊಳ್ಳುವರು.

ನೀನು ಬರುವ ಹಿಂದಿನ ದಿನವೂ ನಾನು ಬಟ್ಟೆ ಒಗೆಯುವ ಪುಡಿ ಕೇಳಲು ಹೋಗಿದ್ದೆ. ಅವರ ಡಬ್ಬಿ ತಳ ಕಂಡಿತ್ತು. ಇರಲಿ ಬಿಡಿ ಅಂದರೂ ಕೇಳದೆ ಡಬ್ಬಿ ಬೋರಲು ಹಾಕಿ, ತಳ ತಟ್ಟಿ, ಇದ್ದದ್ದನ್ನೆಲ್ಲ ನನ್ನ ಲೋಟಕ್ಕೆ ಸುರಿದು ಕೊಟ್ಟರು. ಅದಾದ ಒಂಬತ್ತು ದಿನಕ್ಕೆ ನೀನು ಐದು ಪ್ಯಾಕೆಟ್ ಹಿಡಿದುಕೊಂಡು ಹೋಗಿ ಅಕ್ಕನ ಮನೆಯಲ್ಲಿ ಒಂಬತ್ತಿತ್ತು ಅಂದೆ. ಈಗ ಅರ್ಥವಾಯಿತೇ?

ಹನ್ನೆರಡು ದಿನ ಅವರು ಮೇಲೆ ಬರಲಿಲ್ಲ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಿಂತಾಗಲೆಲ್ಲ ನಾನು ಪೆನ್ನು ಎತ್ತಿ ಕಿವಿಗೊಡುತ್ತಿದ್ದೆ, ಮತ್ತೆ ಶುರುವಾಗುತ್ತಿತ್ತು. ಒಂದು ದಿನ ಮೆಟ್ಟಿಲಲ್ಲಿ ಎದುರಾದರು. ‘ಮನೇಲಿ ಎಲ್ಲಾ ಇದೆಯಲ್ಲ?’ ಎಂದು ಬಹಳ ಮರ್ಯಾದೆಯಿಂದ ಕೇಳಿ ಹೋದರು. ಅದಕ್ಕಿಂತ ಎರಡು ಮಾತು ಬೈದಿದ್ದರೆ ವಾಸಿಯಿತ್ತು. ಮೇಲೆ ಬಂದು ನೋಡಿದರೆ ಕಪಾಟಿನ ಬಾಗಿಲಲ್ಲಿ ನೀನು ಅಂಟಿಸಿ ಹೋದ ಸಾಮಾನಿನ ಪಟ್ಟಿ. ಪ್ರತಿಯೊಂದರ ಎದುರೂ ಇದೆ ಎಂಬ ಗುರುತು. ಇಲ್ಲ ಎನ್ನುವ ಹಾಗೆ ಒಂದು ಸಾಮಾನೂ ಇಲ್ಲ. ಅಷ್ಟು ಅಚ್ಚುಕಟ್ಟಾದ ಅಡುಗೆಮನೆಯ ನಡುವೆ ನಿಂತು ನಾನು ಅತ್ತುಬಿಟ್ಟೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಸುಳ್ಳು ಹೇಳಬೇಡ ಅಂದೆಯಲ್ಲ, ಅದಕ್ಕೆ ಬರೆದೆ.

ಹದಿಮೂರನೇ ದಿನ ಗಟ್ಟಿ ಮನಸ್ಸು ಮಾಡಿ ಇಳಿದು ಹೋದೆ. ಅವರು ಒಂದು ಅಂಗಿಗೆ ಕಾಲರು ಕೂರಿಸುತ್ತಿದ್ದರು. ತಲೆ ಎತ್ತದೆ ‘ಏನು ಬೇಕಿತ್ತು?’ ಅಂದರು. ‘ಏನೂ ಬೇಡ, ತಪ್ಪಾಯ್ತು ಅಂತ ಹೇಳೋಕೆ ಬಂದೆ’ ಅಂದೆ. ಯಂತ್ರ ನಿಲ್ಲಿಸಿದರು. ‘ನಾನು ಡಬ್ಬಿ ತಟ್ಟಿ ಕೊಟ್ಟೆ. ಮೇಲೆ ಹೋಗಿ ಎಷ್ಟು ನಕ್ಕಿರೋ’ ಅಂದರು. ನಕ್ಕಿಲ್ಲ ಅಂದೆ. ಮಾತಾಡಲು ಬರುತ್ತಿದ್ದೆ, ಸುಮ್ಮನೆ ಬಂದರೆ ನೀವು ಕೂರಿಸುತ್ತಿರಲಿಲ್ಲ ಎಂದೆ. ಅವರ ಮುಖ ಸ್ವಲ್ಪ ಸಡಿಲಾಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಿಗಿಯಾಯಿತು. ‘ಅದಕ್ಕೆ ಹನ್ನೊಂದು ವರ್ಷ ಸುಳ್ಳು ಹೇಳ್ಬೇಕಿತ್ತಾ? ಮನೇಲಿ ಸಾಮಾನು ಇಲ್ದೇ ಇದ್ದಾಗ ಮಾತ್ರ ನಾನು ನಿಮ್ಮನ್ನ ಕೇಳಿದ್ದೀನಿ. ಇಟ್ಕೊಂಡು ಒಂದು ದಿನಾನೂ ಕೇಳಿಲ್ಲ’ ಅಂದರು.

ಆ ಮಾತಿಗೆ ನನ್ನ ಹತ್ತಿರ ಒಂದು ಉತ್ತರವಿತ್ತು. ನಾಲಿಗೆಯ ತುದಿವರೆಗೆ ಬಂದದ್ದನ್ನು ನುಂಗಿಕೊಂಡೆ.

‘ನಿಜವಾಗಿ ಇಲ್ದೇ ಇದ್ರೆ ಬನ್ನಿ, ನನ್ನ ಹತ್ರ ಇರೋದು ಕೊಡ್ತೀನಿ. ಸುಳ್ಳು ಹೇಳ್ಕೊಂಡು ಬರಬೇಡಿ’ ಎಂದು ಹೇಳಿ ಮತ್ತೆ ಯಂತ್ರ ತುಳಿಯತೊಡಗಿದರು.

ಮೇಲೆ ಬಂದು ಕಪಾಟಿನ ಮುಂದೆ ನಿಂತೆ. ನಿಜವಾಗಿ ಇಲ್ಲದೇ ಇದ್ದರೆ ಬನ್ನಿ ಎಂದಿದ್ದರಲ್ಲ. ನೀನು ದುಂಡಗೆ ‘ಸಕ್ಕರೆ’ ಎಂದು ಬರೆದು ಅಂಟಿಸಿದ ಡಬ್ಬಿ ಎದುರಿಗೇ ಇತ್ತು. ಅದನ್ನು ಎತ್ತಿಕೊಂಡು ಮತ್ತೆ ಮೂವತ್ತೆರಡು ಮೆಟ್ಟಿಲು ಇಳಿದು, ಅವರ ಕತ್ತರಿಸುವ ಮೇಜಿನ ಮೇಲೆ ಇಟ್ಟೆ. ‘ಈಗ ನನ್ನ ಮನೇಲಿ ಸಕ್ಕರೆ ಇಲ್ಲ. ನಿಜವಾಗ್ಲೂ ಇಲ್ಲ. ಇದು ಇಲ್ಲೇ ಇರ್ಲಿ. ಸಂಜೆ ಟೀಗೆ ಬೇಕಾದಾಗ ಬಂದು ಕೇಳ್ತೀನಿ’ ಅಂದೆ.

ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಬಂದು ಡಬ್ಬಿ ತಿರುಗಿಸಿ ಪರೀಕ್ಷೆ ಮಾಡಿದರು. ‘ಮುಚ್ಚಳ ಸಡಿಲ ಇದೆ, ಇರುವೆ ಹತ್ತುತ್ತೆ’ ಅಂದರು. ಅಷ್ಟೇ ಮಾತು.

ಸಂಜೆ ಲೋಟ ಹಿಡಿದು ಹೋದೆ. ಎರಡು ಚಮಚ ಅಳೆದು ಹಾಕಿದರು. ಕೂತ್ಕೊಳ್ಳಿ ಅನ್ನಲಿಲ್ಲ. ಆದರೆ ನಾನು ಯಾವಾಗಲೂ ಕೂರುತ್ತಿದ್ದ ಮುಕ್ಕಾಲಿಯ ಮೇಲೆ ಆ ದಿನ ಮೊದಲು ಹೋದಾಗ ಪೇರಿಸಿಟ್ಟಿದ್ದ ಬಟ್ಟೆಯ ರಾಶಿ ಅಲ್ಲಿರಲಿಲ್ಲ, ಪಕ್ಕದ ಬುಟ್ಟಿಗೆ ಹೋಗಿತ್ತು. ನಾನು ಕೂತೆ.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಟೈಲರಮ್ಮ, ಕೈಯಲ್ಲಿ ಅವರ ಟೀಪುಡಿಯ ಡಬ್ಬಿ. ಒಳಗೆ ಬಂದು, ಸಕ್ಕರೆ ಡಬ್ಬಿ ಇದ್ದ ಜಾಗದಲ್ಲೇ ಅದನ್ನು ಇಟ್ಟು, ‘ಈಗ ನನ್ನ ಮನೇಲೂ ಟೀಪುಡಿ ಇಲ್ಲ’ ಅಂದರು. ಆಮೇಲೆ ನಾನು ಹೇಳುವ ಮೊದಲೇ ಕುರ್ಚಿ ಎಳೆದುಕೊಂಡರು.

ಆವತ್ತಿನಿಂದ ಮೂರು ದಿನದಲ್ಲಿ ಎರಡು ಮನೆಯನ್ನೂ ಜಾಲಾಡಿಬಿಟ್ಟಿದ್ದೇವೆ. ಇಸ್ತ್ರಿಪೆಟ್ಟಿಗೆ ಕೆಳಗೆ, ನನ್ನದನ್ನು ಬೇಕಾದವರಿಗೆ ಕೊಟ್ಟಾಯಿತು. ಏಣಿ ಮೇಲೆ, ಸುತ್ತಿಗೆ ಕೆಳಗೆ, ಬೆಂಕಿಪೊಟ್ಟಣ ಕೆಳಗೆ, ಉಪ್ಪು ಮೇಲೆ. ಒಂಬತ್ತು ಪ್ಯಾಕೆಟ್ ಪುಡಿಯೂ ಮೇಲಿದೆ, ಮುಗಿಯುವವರೆಗೆ ಇಬ್ಬರೂ ಹೊಸದು ತರಕೂಡದು ಎಂದು ಒಪ್ಪಂದ. ಇದರಿಂದ ಬಹಳ ತೊಂದರೆಯಾಗಿದೆ. ಒಂದು ಲೋಟ ಟೀ ಕುಡಿಯಬೇಕಾದರೆ ಯಾರಾದರೂ ಒಬ್ಬರು ಮೂವತ್ತೆರಡು ಮೆಟ್ಟಿಲು ಹತ್ತಬೇಕು ಇಲ್ಲವೇ ಇಳಿಯಬೇಕು. ಇಬ್ಬರೂ ದಿನಾ ಗೊಣಗುತ್ತೇವೆ. ಸರಿಪಡಿಸೋಣ ಎಂದು ಇಬ್ಬರೂ ಹೇಳುವುದಿಲ್ಲ. ನೀನು ಒಂದು ಮನೆಯ ಸಾಮಾನನ್ನು ಅರ್ಧ ಮಾಡಿದೆ, ನಾವು ಎರಡು ಮನೆಯ ಸಾಮಾನನ್ನು ಒಂದು ಮಾಡಿದ್ದೇವೆ. ನಿಮ್ಮ ಆಸ್ಪತ್ರೆಯ ಉಗ್ರಾಣದಲ್ಲಿ ಈ ಪದ್ಧತಿಗೆ ಏನಾದರೂ ಹೆಸರಿದ್ದರೆ ತಿಳಿಸು.

ಹಾಗಾಗಿ ನಿನ್ನ ಹಳೆಯ ಪಟ್ಟಿ ಈಗ ನಡೆಯುವುದಿಲ್ಲ. ‘ಮೇಲೆ’, ‘ಕೆಳಗೆ’ ಎಂದು ಎರಡು ಸಾಲು ಮಾಡಿ ಹೊಸದೊಂದು ಬರೆದು ಕಳಿಸು, ಎರಡು ಪ್ರತಿ. ನಿನ್ನ ಅಕ್ಷರ ಟೈಲರಮ್ಮನಿಗೆ ಹಿಡಿಸಿದೆ. ‘ನಿಮ್ಮ ತಂಗಿ ಅಕ್ಷರ ಚೆನ್ನಾಗಿದೆ. ಮುಂದಿನ ಸಲ ಬಂದಾಗ ಬಾಯಿಗೊಂದು ಗುಂಡಿ ಹೊಲಿದು ಕಳಿಸ್ತೀನಿ’ ಅಂದರು. ನಗುತ್ತಲೇ ಅಂದರು, ಭಯಪಡಬೇಡ.

ನಿನ್ನ ಮೇಲೆ ನನಗೆ ಕೋಪವಿಲ್ಲ ಚೀಟಿ. ನೀನು ಬಂದು ಕಪಾಟು ಖಾಲಿ ಮಾಡದಿದ್ದರೆ ನಾನು ಸಾಯುವವರೆಗೂ ಸಕ್ಕರೆ ಕೊಂಡು ಕೊಂಡು ಗುಡ್ಡೆ ಹಾಕುತ್ತಿದ್ದೆ, ಬಾಯಿ ಬಿಟ್ಟು ಒಂದು ಮಾತು ಹೇಳುತ್ತಿರಲಿಲ್ಲ. ರಜೆ ಸಿಕ್ಕಾಗ ಬಾ. ಬರುವಾಗ ಏನೂ ತರಬೇಡ.

ನಿನ್ನ ಅಕ್ಕ,
ಅರ್ಧ ಉಗ್ರಾಣದ ಯಜಮಾನಿ

ತಾ.ಕ.: ಸುಳ್ಳು ಹೇಳದೆ ಬರಿ ಅಂದದ್ದಕ್ಕೆ ಇದೊಂದು ಉಳಿದಿದೆ. ಮೊಣಕೈಗೆ ಕಪಾಟಿನ ಬಾಗಿಲು ತಗುಲಿದ್ದಲ್ಲ. ನೀನು ಬರುವುದಕ್ಕೆ ಎರಡು ವಾರ ಮುಂಚೆ, ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಏಳಲು ಆಗಲಿಲ್ಲ, ಫೋನು ಹೊರಗಿತ್ತು, ಕೂಗಿದರೆ ಯಾರಿಗೂ ಕೇಳಿಸಲಿಲ್ಲ. ಪ್ರೂಫಿನ ಅವಸರದಲ್ಲಿ ನಾನು ಎರಡು ದಿನದಿಂದ ಏನನ್ನೂ ಕೇಳಲು ಕೆಳಗೆ ಹೋಗಿರಲಿಲ್ಲ. ಒಂದೂವರೆ ಗಂಟೆ ಕಳೆದ ಮೇಲೆ ಟೈಲರಮ್ಮ ಮೇಲೆ ಬಂದರು. ಮುಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನನ್ನ ದನಿ ಕೇಳಿ ಒಳಗೆ ಬಂದು ಎತ್ತಿ ಕೂರಿಸಿದರು, ಮೊಣಕೈಗೆ ಅಸ್ತರಿನ ಬಟ್ಟೆ ಸುತ್ತಿದರು, ಬಿಸಿನೀರು ಕುಡಿಸಿದರು. ಎಲ್ಲ ಆದಮೇಲೆ, ಬಂದ ಕೆಲಸ ಆಗ ನೆನಪಾದವರ ಹಾಗೆ ಕೇಳಿದರು: ‘ಒಂದು ಸೂಜಿ ಇದ್ರೆ ಕೊಡಿ. ನನ್ನ ಮನೇಲಿ ಒಂದೂ ಇಲ್ಲ.’ ನಾನು ನುಂಗಿಕೊಂಡ ಉತ್ತರ ಇದೇ. ಅವರ ಮುಂದೆ ನೀನೂ ಬಾಯಿ ಬಿಡಬೇಡ. ಆವತ್ತು ಹುಡುಕಿ ಒಂದು ಸೂಜಿ ಕೊಟ್ಟೆ. ಸಂಜೆ ಅದನ್ನು ಹಿಂದಿರುಗಿಸಲು ಮತ್ತೆ ಬಂದರು.