ಮೊದಲ ಕೂಗಿಗೇ ಒಪ್ಪಿಕೋ

ವಿರೂಪಾಕ್ಷಿಪುರ,
ಸೋಮವಾರ

ನನ್ನ ನವ್ಯಾ,

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಅಕ್ಷರ, ತಪ್ಪಿದ್ದರೆ ನಗಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬಸ್ಸಿನ ಬಾಲರಾಜಣ್ಣನ ಕೈಲಿ ಕಳಿಸುತ್ತಿದ್ದೇನೆ.

ಪೋಸ್ಟ್ ಡಾಕ್ ಅಂತೀಯಲ್ಲ, ಆ ಸಂಶೋಧನೆ ಕೆಲಸಕ್ಕೆ ಪುಣೆಯವರು ಕರೆದಾಗ ನಾನೇ ತಡೆದೆ. "ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಮೊದ್ಲು ಕೂಗಿದ ರೇಟಿಗೇ ಯಾರಾದ್ರೂ ಒಪ್ತಾರೇನವ್ವಾ? ಒಸಿ ತಡಿ, ಇನ್ನೊಂದ್ಸಲ ಕೂಗ್ತಾರೆ" ಅಂದೆ. "ಸ್ಟಾಟಿಸ್ಟಿಕ್ಸು ಗೂಡಲ್ಲ ಕಣಕ್ಕಾ" ಅಂತ ನೀನು ನಕ್ಕೆ. ಆದರೂ ನನ್ನ ಮಾತಿಗೆ ಕಾದೆ. ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಎಂಟು ತಿಂಗಳು ಯಾರೂ ಕರೆಯಲಿಲ್ಲ.

ನಿಜ ಹೇಳುತ್ತೇನೆ. ನನ್ನ ತಲೆಯಲ್ಲಿ ರೇಟು ಇರಲೇ ಇಲ್ಲ. ಪುಣೆಗೆ ಹೋದರೆ ನೀನು ಈಗಿನ ಹಾಗೆ ಪ್ರತಿ ಭಾನುವಾರ ಬರೋದಿಲ್ಲ, ಅದೊಂದೇ ಇತ್ತು.

ಈಗ ನಾರ್ವೆಯವರು ಕರೆದಿದ್ದಾರೆ, ಏನು ಮಾಡಲಿ ಅಂತ ಮತ್ತೆ ನನ್ನನ್ನೇ ಕೇಳಿದ್ದೀಯ. ಶುಕ್ರವಾರದೊಳಗೆ ಉತ್ತರ ಕೊಡಬೇಕು ಅಂದೆಯಲ್ಲ, ಅಲ್ಲಿವರೆಗೆ ಕಾಯಬೇಡ. ಇದನ್ನು ಓದಿದ ತಕ್ಷಣ ಒಪ್ಪಿಗೆ ಅಂತ ಬರೆದುಬಿಡು. ವಿಮಾನ, ಹಿಮ, ಏನೇನೋ ಯೋಚನೆ ಬರುತ್ತದೆ, ಅದು ಬಿಡು. ಸ್ವೆಟರ್ ಒಂದು ಸಾಲದು, ಎರಡು ತಗೋ. ಹುರಿಹಿಟ್ಟು ಮಾಡಿಡುತ್ತೇನೆ.

ಹೋಗುವ ಮುಂಚೆ ಒಂದು ಭಾನುವಾರ ಬಾ. ಬಂದಾಗ ನಾನು ಹೋಗಬೇಡ ಅಂದರೆ ಮಾತ್ರ ಕೇಳಬೇಡ.

ನಿನ್ನ ಅಕ್ಕ,
ಲತಾಮಣಿ