‘ದೀಕ್ಷಾ ವೆಡ್ಸ್’ ಎಂದು ಬರೆದಿಟ್ಟ ಸಿಡಿ

ನನ್ನ ಮುದ್ದು ಪಪ್ಪಾ,

ನನಗೆ ಮದುವೆಯಾಯಿತು! ಇದನ್ನು ನಿಮಗೆ ಕೂಗಿ ಹೇಳಬೇಕೆಂದು ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಹುಡುಗನ ಹೆಸರು ಪ್ರಜ್ವಲ್. ತುಂಬಾ ತುಂಬಾ ಒಳ್ಳೆಯವನು, ನಿಮ್ಮ ಹಾಗೆಯೇ ಊಟದ ನಡುವೆ ಹಾಡುತ್ತಾನೆ. ರಜೆ ಮುಗಿದು ದೋಹಾಕ್ಕೆ ಹೋದ. ಅತ್ತೆ ಶಾಲೆಗೆ ಪಾಠ ಮಾಡಲು ಹೊರಟ ಮೇಲೆ ಕಾವೂರಿನ ಈ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ವಿಮಾನದ ಸದ್ದಾದರೆ ಬಾಲ್ಕನಿಗೆ ಓಡುತ್ತೇನೆ. ಹುಚ್ಚು ಅಲ್ಲವಾ?

ಮಣ್ಣಗುಡ್ಡದ ನಿಮ್ಮ ವಿಡಿಯೊ ಅಂಗಡಿ ನೆನಪಾಗುತ್ತದೆ. ಯೂನಿಫಾರ್ಮಿನಲ್ಲೇ ನಿಮ್ಮ ಪಕ್ಕ ಕೂತು ಮದುವೆ ಸಿಡಿಗಳ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯುತ್ತಿದ್ದೆ. ಮೊದಲು ಖಾಲಿ ಸಿಡಿಯ ಮೇಲೆ ಹೆಸರು, ಆಮೇಲೆ ಅದರೊಳಗೆ ಮದುವೆ. ಮೊದಲ ಕಾಪಿ ಯಾವಾಗಲೂ ಹುಡುಗಿಯ ಅಮ್ಮನಿಗೆ. ಯಾಕೆ ಎಂದು ಕೇಳಿದರೆ, “ಹುಡುಗನ ಮನೆಯವರಿಗೆ ಹುಡುಗಿಯೇ ಸಿಕ್ಕಿದ್ಲಲ್ಲ ಮಾರಾಯ್ತಿ! ಇವರಿಗೆ ಉಳಿಯುವುದು ಸಿಡಿ ಮಾತ್ರ” ಎನ್ನುತ್ತಿದ್ದಿರಿ.

ಒಮ್ಮೆ ಶಾಯಿ ಒಣಗುವ ಮೊದಲೇ ಸಿಡಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದೆ. ಶಾಯಿಯೆಲ್ಲ ಮೇಲಿನ ಸಿಡಿಯ ಅಡಿಗೆ, ವಿಡಿಯೊ ತುಂಬುವ ಬದಿಗೇ ಅಂಟಿತ್ತು! ಮದುಮಗಳ ಅಪ್ಪ ಅಂಗಡಿಗೆ ಬಂದು, “ಎಂತ ಮಾರಾಯ್ರೆ ಇದು? ಸರೀ ಧಾರೆ ಎರೆಯುವಾಗ ನಿಲ್ತದೆ! ನನ್ನ ಕೈಯಿಂದ ನೀರೇ ಬೀಳುದಿಲ್ಲ!” ಎಂದರು. ನೀವು ಗಂಭೀರವಾಗಿ, “ನಿಮಗೆ ಮಗಳನ್ನು ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ ಸಿಡಿಗೂ ಗೊತ್ತಾಗಿದೆ” ಎಂದಿರಿ. ಅವರು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಿದ್ದರು.

ಹೋದ ವಾರ ನಮ್ಮ ಮನೆಗೆ ಹೋಗಿದ್ದೆ; ಅಮ್ಮ ನಿಮ್ಮ ಕಪಾಟು ತೆಗೆದಾಗ ಒಂದು ಖಾಲಿ ಸಿಡಿ ಸಿಕ್ಕಿತು. ಅದರ ಮೇಲೆ ನಿಮ್ಮ ಓರೆ ಅಕ್ಷರದಲ್ಲಿ ‘ದೀಕ್ಷಾ ವೆಡ್ಸ್’. ಮುಂದೆ ಜಾಗ ಬಿಟ್ಟಿದ್ದೀರಿ. ಯಾವಾಗ ಬರೆದಿರಿ ಪಪ್ಪಾ? ಆಸ್ಪತ್ರೆಗೆ ಹೋಗುವ ಮೊದಲಾ? ಅಥವಾ ನಾನಿನ್ನೂ ಯೂನಿಫಾರ್ಮಿನಲ್ಲಿ ಇರುವಾಗಲೇ...

ಈಗ ಸಿಡಿ ಯಾರಿಗೆ ಬೇಕು? ನಮ್ಮ ಮದುವೆಯ ವಿಡಿಯೊ ಬಂದದ್ದೂ ಪೆನ್‌ಡ್ರೈವಿನಲ್ಲಿ. ಆದರೂ ನಿಮ್ಮ ಹಳೆಯ ಕಂಪ್ಯೂಟರ್ ಆನ್ ಮಾಡಿದೆ. ಆ ಸಿಡಿಗೆ ವಿಡಿಯೊ ತುಂಬಲು ಆಗುವುದು ಒಂದೇ ಸಲ. ತಪ್ಪಿದರೆ ನಿಮ್ಮ ಅಕ್ಷರ ಇರುವ ಆ ಒಂದೇ ಒಂದು ಸಿಡಿ ಹಾಳು. ಮೊದಲು ಪ್ರಜ್ವಲ್ ಹೆಸರು ಬರೆದೆ. ಜಾಗ ಸಾಲದೆ ಕೊನೆಯ ಅಕ್ಷರ ಅಂಚಿನಲ್ಲಿ ಬಗ್ಗಿ ನಿಂತಿತು. ಊದಿದೆ. ಪೂರ್ತಿ ಒಣಗುವವರೆಗೆ ಕಾದೆ, ಪ್ರಾಮಿಸ್! ಆಮೇಲೆ ಅದರೊಳಗೆ ಮದುವೆ ತುಂಬಿಸಿದೆ.

ನಾನೂ ಅಮ್ಮನೂ ಟಿವಿಯ ಮುಂದೆ ಕೂತೆವು. ಧಾರೆ ಬಂತು. ನೀವು ಇರಬೇಕಾದಲ್ಲಿ ದೊಡ್ಡಪ್ಪನ ಕೈಗಳು. ನಿಲ್ಲು, ಇಲ್ಲೇ ಒಮ್ಮೆ ನಿಲ್ಲು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸಿಡಿ ನಿಲ್ಲಲಿಲ್ಲ ಪಪ್ಪಾ. ನೀರು ಬಿದ್ದೇ ಬಿಟ್ಟಿತು.

ಹೊರಡುವಾಗ ಅಮ್ಮ ಸಿಡಿಯನ್ನು ನನ್ನ ಬ್ಯಾಗಿಗೆ ಹಾಕಲು ಬಂದರು. “ಮೊದಲ ಕಾಪಿ ಹುಡುಗಿಯ ಅಮ್ಮನಿಗೆ. ಪಪ್ಪನ ರೂಲ್” ಎಂದೆ.

ಎರಡನೆಯ ಕಾಪಿ ಮಾಡಲಿಲ್ಲ. ಈ ಮನೆಯವರಿಗೆ ನಾನೇ ಸಿಕ್ಕಿದ್ದೇನಲ್ಲ.

ನಿಮ್ಮ
ದೀಕ್ಷಾ