ಇಂಪನಾಳ ಅಂಗೈ

ಮಕ್ಕಳನ್ನು ದುಡಿಮೆಯಿಂದ ಬಿಡಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಹನ್ನೊಂದು ವರ್ಷದ ಇಂಪನಾಳನ್ನು ನೀವು ಜೀಪಿನಲ್ಲಿ ಕೂರಿಸಿಕೊಂಡು ತುಮಕೂರಿಗೆ ಒಯ್ದು ಹತ್ತೊಂಬತ್ತು ದಿನವಾಯಿತು. ‘ಬಾಲಕಿಯ ರಕ್ಷಣೆ’ ಎಂದು ಪತ್ರಿಕೆಯಲ್ಲಿ ತಮ್ಮ ಫೋಟೊ ಬಂತು. ಚೆನ್ನಾಗಿಯೇ ಬಂದಿದೆ. ಅವಳ ತಾಯಿ ಚೆನ್ನಮ್ಮನ ಮೇಲೆ ಕೇಸು ಬಿದ್ದಿದೆ.

ಗುಬ್ಬಿ ತಾಲ್ಲೂಕಿನ ಈ ಮೂಲೆ ತಮಗೆ ಹೊಸದು, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಇಲ್ಲಿ ಅದಿರಿನ ಗಣಿ ಇತ್ತು. ಅದು ಮುಚ್ಚಿದ ಮೇಲೆ ಉಳಿದದ್ದು ಕೆಂಪು ಗುಂಡಿಗಳು ಮತ್ತು ಚೆನ್ನಮ್ಮನ ಗಂಡ ಗಂಗಾಧರನ ಕೆಮ್ಮು. ಅವನು ಹಾಸಿಗೆ ಹಿಡಿದಿದ್ದಾನೆ. ಅವನ ಪುನರ್ವಸತಿ ಅರ್ಜಿ ನಿಮ್ಮ ಪಕ್ಕದ ಕೋಣೆಯಲ್ಲಿ ಏಳು ವರ್ಷದಿಂದ ವಿಶ್ರಾಂತಿ ಪಡೆಯುತ್ತಿದೆ. ಹಾಗಾಗಿ ತಾಯಿ ಮಗಳು ಮಂಡಿಯಿಂದ ಹುಣಸೆಹಣ್ಣು ತಂದು, ಜಗುಲಿಯಲ್ಲಿ ಕೂತು ಕೂಲಿಗೆ ಕುಟ್ಟಿ ಬೀಜ ತೆಗೆಯುತ್ತಿದ್ದರು. ಶಾಲೆ ಬಿಡಿಸಿ ಹಾಗೆ ಮಾಡಿಸಿದ್ದು ತಪ್ಪು. ಅದು ತಿಳಿಯಲು ನಮಗೆ ನಿಮ್ಮ ಜೀಪು ಬೇಕಿರಲಿಲ್ಲ.

ಅಂದು ತಾವು ಜಗುಲಿಯ ಮುಂದೆ ನಿಂತು, ‘ಈ ಮನೆಯಲ್ಲಿ ದುಡಿಯುವವರು ಯಾರು?’ ಎಂದು ಕೇಳಿದಿರಿ. ಕೊನೆಗೂ ಪರಿಹಾರದ ಪಟ್ಟಿ ಬಂತೆಂದುಕೊಂಡ ಚೆನ್ನಮ್ಮ, ಮಗಳ ಎರಡೂ ಕೈ ಹಿಡಿದು ನಿಮ್ಮ ಮುಂದೆ ಚಾಚಿದಳು.

“ನೋಡಿ ಸಾ, ನನ್ ಮಗ್ಳು ಕೈ ನೋಡಿ. ನನ್ಗಿಂತ ಜೋರಾಗ್ ಕುಟ್ತಾಳೆ. ಅವ್ಳ್ ಹೆಸ್ರೂ ಬರ್ಕಳಿ.”

ಬರೆದುಕೊಂಡಿರಿ. ಇಷ್ಟು ಸಲೀಸಾದ ತಪ್ಪೊಪ್ಪಿಗೆ ತಮ್ಮ ಸೇವಾವಧಿಯಲ್ಲಿ ಇನ್ನೊಂದು ಸಿಕ್ಕಿತ್ತೇ? ಅಂಗೈಯ ಫೋಟೊವನ್ನೂ ತೆಗೆದಿರಿ. ಹುಣಸೆ ಯಾರದೆಂದು ಮಾತ್ರ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಮಂಡಿಯ ಮಾಲೀಕರು ಆಗತಾನೆ ತಮಗೆ ಎಳನೀರು ಕೊಚ್ಚಿಸಿ ಕೊಟ್ಟಿದ್ದರು. ಜೀಪು ಹತ್ತುವಾಗ ಇಂಪನಾ ಕೇಳಿದ್ದು ತಮ್ಮ ಕಿವಿಗೆ ಬಿದ್ದಿರಲಾರದು: “ಅಮ್ಮ, ನಾನ್ ಕೈ ಸರ್ಯಾಗ್ ತೋರಿಸ್ಲಿಲ್ವಾ?”

ಆ ತಾಯಿ ಕೈ ಚಾಚಿಸಿದ್ದು ಏಕೆ ಗೊತ್ತೇ? ಗಣಿಯಲ್ಲಿ ದಿನಾ ಬೆಳಗ್ಗೆ ಮೇಸ್ತ್ರಿಯ ಮುಂದೆ ಸಾಲಾಗಿ ನಿಂತು ಅಂಗೈ ತೋರಿಸಬೇಕಿತ್ತು. ಜಡ್ಡುಗಟ್ಟಿದ್ದರೆ ಕೆಲಸ, ಮೆತ್ತಗಿದ್ದರೆ ಮನೆಗೆ. ವಯಸ್ಸು ಯಾರೂ ಕೇಳುತ್ತಿರಲಿಲ್ಲ. ಚೆನ್ನಮ್ಮ ಹನ್ನೆರಡು ವರ್ಷದವಳಿದ್ದಾಗ ಹಾಗೆ ಕೈ ತೋರಿಸಿಯೇ ಒಳಗೆ ಬಂದವಳು. ಆಗಲೂ ನಿಮ್ಮ ಕಚೇರಿ ಇತ್ತು, ಜೀಪೂ ಇತ್ತು. ಅದಿರಿನ ಲಾರಿಗಳಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತಿತ್ತು.

ಇಂಪನಾಳನ್ನು ಬರುವ ಸೋಮವಾರದೊಳಗೆ ಮನೆಗೆ ಕರೆತನ್ನಿ. ಬರುವಾಗ ಗಂಗಾಧರನ ಅರ್ಜಿಗೆ ಸಹಿ ಹಾಕಿಸಿಕೊಂಡು ಬನ್ನಿ, ಹುಡುಗಿ ಮಂಗಳವಾರ ಶಾಲೆಗೆ ಹೋಗುತ್ತಾಳೆ. ಕೇಸಿಗೆ ಒಬ್ಬ ಆರೋಪಿ ಬೇಕೇ ಬೇಕೆಂದರೆ ಚೆನ್ನಮ್ಮನ ಹೆಸರು ಹೊಡೆದುಹಾಕಿ ನನ್ನದನ್ನು ಬರೆದುಕೊಳ್ಳಿ. ಅಂದು ಗಣಿಯ ಬಾಗಿಲಲ್ಲಿ ಹನ್ನೆರಡು ವರ್ಷದ ಚೆನ್ನಮ್ಮನ ಪುಟ್ಟ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಸರಿ, ನಡಿಯಮ್ಮ ಒಳಕ್ಕೆ” ಎಂದವನು ನಾನು.

ಇಂತಿ,
ತಮ್ಮಂತೆಯೇ ಕೈ ನೋಡಿ, ಮುಖ ನೋಡದೆ ಹೋದ
ಮಾಜಿ ಗಣಿ ಮೇಸ್ತ್ರಿ ಓಬಳಯ್ಯ